ಮಾತಿಗೂ ದುಡ್ಡು ಕೊಡಬೇಕೇ, ಸರ್?



ಕಕ್ಕಡದ ಮಳೆ ಹಿಡಿದಿದೆ. ಮಡಿಕೇರಿಯಲ್ಲಿ ಮೂರು ದಿನಗಳಿಂದ ಸೂರ್ಯನ ಮುಖ ಕಂಡಿಲ್ಲ. ಹೆಂಚಿನ ಮೇಲೆ ಬೀಳುವ ನೀರಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಇಂತಹ ದಿನಗಳಲ್ಲಿ ಹಳೆಯ ಕಾಗದಪತ್ರಗಳನ್ನು ಹರಡಿಕೊಂಡು ಕೂರುವುದು ನನ್ನ ಅಭ್ಯಾಸವೆಂದು ನೀವು ಬಲ್ಲಿರಿ. ಈ ಸಲ ಮಾತ್ರ ಹೊಸದೊಂದು ಪತ್ರ ನನ್ನ ಮುಂದಿದೆ. ಬರೆದವರು ತೊಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದ ವಿದ್ಯಾರ್ಥಿಯೊಬ್ಬರು. ಹೆಸರು, ಊರು ಹೇಳುವುದಿಲ್ಲ.

"ಸರ್, ಆರು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಡಾಕ್ಟರು ಮಾತ್ರೆ ಕೊಟ್ಟು, ಇದರ ಜೊತೆಗೆ ಮಾತಿನ ಚಿಕಿತ್ಸೆಗೂ ಹೋಗಿ ಎಂದರು. ವಿಚಾರಿಸಿದೆ. ಮುಕ್ಕಾಲು ಗಂಟೆಗೆ ಸಾವಿರದ ಇನ್ನೂರು ರೂಪಾಯಿಯಂತೆ. ಮಾತಿಗೂ ದುಡ್ಡು ಕೊಡಬೇಕೇ, ಸರ್? ನಮ್ಮ ಮನೆಯಲ್ಲಿ ಮಾತಾಡುವವರಿಗೇನು ಕೊರತೆ?"

ಅವರಿಗೆ ಎರಡು ಸಾಲಿನ ಉತ್ತರವನ್ನು ಅಂದೇ ಬರೆದೆ: "ಹೋಗಿ ಬನ್ನಿ. ತಡ ಮಾಡಬೇಡಿ." ಉದ್ದದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ಮನೆಯಲ್ಲಿಯೇ ಐವತ್ತೈದು ವರ್ಷಗಳ ಹಿಂದೆ ಇದೇ ಪ್ರಶ್ನೆ ಬಂದಿತ್ತು, ನಾವು ಅದಕ್ಕೆ ತಪ್ಪು ಉತ್ತರ ಕೊಟ್ಟಿದ್ದೆವು. ಮೇಷ್ಟ್ರಿಗೆ ಏನು ಕೇಳಿದರೂ ಕಥೆ ನೂರು ವರ್ಷ ಹಿಂದಿನಿಂದ ಶುರುವಾಗುತ್ತದೆ ಎಂದು ನೀವು ಬೆನ್ನ ಹಿಂದೆ ನಗುತ್ತಿದ್ದುದು ನನಗೆ ತಿಳಿದಿದೆ. ಈ ಸಲವೂ ಹಾಗೆಯೇ ಆಗಲಿದೆ. ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ನನ್ನ ಅಕ್ಕನ ವಿಷಯ. ಅವಳ ಮಕ್ಕಳನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಬಂಧುಗಳಲ್ಲಿ ಹಿರಿಯರಿಗೆ ಇದು ಗೊತ್ತು, ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ.

1969ರಲ್ಲಿ ಅಕ್ಕನಿಗೆ ಎರಡನೆಯ ಹೆರಿಗೆಯಾಯಿತು. ನಾನಾಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಹೆರಿಗೆಯಾದ ಹತ್ತು ಹನ್ನೆರಡು ದಿನಗಳಲ್ಲಿ ಅಕ್ಕ ಮಾತು ನಿಲ್ಲಿಸಿದಳು. ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ರಾತ್ರಿ ಎದ್ದು ಕಾಫಿ ತೋಟದೊಳಗೆ ನಡೆದು ಹೋಗುತ್ತಿದ್ದಳು. ಸೋಮವಾರಪೇಟೆಯ ಕಡೆಯ ನಮ್ಮ ಮನೆಗೆ ಅವಳನ್ನು ಕರೆತಂದರು. ಮಂತ್ರವಾದಿ ಬಂದ, ತಾಯಿತ ಕಟ್ಟಿದ್ದಾಯಿತು, ಎರಡು ದೇವಸ್ಥಾನಗಳಿಗೆ ಹರಕೆ ಹೊತ್ತದ್ದಾಯಿತು. ಆ ವರ್ಷದ ಏಲಕ್ಕಿ ಮಾರಿದ ಹಣವೆಲ್ಲ ಇದಕ್ಕೇ ಹೋಯಿತು. "ಇದಕ್ಕೂ ದುಡ್ಡು ಕೊಡಬೇಕೇ?" ಎಂದು ಆಗ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು.

ನಾಲ್ಕು ತಿಂಗಳ ಮೇಲೆ ಮಡಿಕೇರಿಯ ವೈದ್ಯರೊಬ್ಬರ ಮಾತಿಗೆ ಒಪ್ಪಿ ಅಪ್ಪ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಅಮ್ಮನೂ ನಾನೂ ಜೊತೆಗಿದ್ದೆವು. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟರು, ಅಕ್ಕ ಊಟ ನಿದ್ದೆಗೆ ಮರಳಿದಳು. ಆಸ್ಪತ್ರೆಯವರು ನಮ್ಮಿಂದ ತೆಗೆದುಕೊಂಡ ಹಣ ಮಂತ್ರವಾದಿಗೆ ಕೊಟ್ಟದ್ದರ ಕಾಲುಭಾಗವೂ ಅಲ್ಲ. ಒಂದು ದಿನ ಮಧ್ಯಾಹ್ನ, ಅಲ್ಲಿಯ ಸಮಾಜ ಕಾರ್ಯಕರ್ತೆಯೊಬ್ಬಳು, ನನ್ನದೇ ವಯಸ್ಸಿನ ಹುಡುಗಿ, ಅಕ್ಕನನ್ನು ಮರದ ಕೆಳಗಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋಗಿ ಕುಳಿತಳು. ನಾನು ದೂರದಲ್ಲಿ ಕಾಫಿಯ ಫ್ಲಾಸ್ಕು ಹಿಡಿದು ನಿಂತಿದ್ದೆ. ಆ ಹುಡುಗಿ ಹೆಚ್ಚು ಮಾತಾಡಿದ್ದನ್ನು ನಾನು ಕಾಣಲಿಲ್ಲ. ಅಕ್ಕ ಮಾತಾಡಿದಳು. ಐದು ತಿಂಗಳಲ್ಲಿ ಮೊದಲ ಸಲ ಅವಳು ಎಡೆಬಿಡದೆ ಮಾತಾಡಿದ್ದನ್ನೂ, ಅತ್ತದ್ದನ್ನೂ, ಮತ್ತೆ ಮಾತಾಡಿದ್ದನ್ನೂ ಕಂಡೆ.

ಹಿಂದಿರುಗಿ ಬಂದಾಗ ಅಮ್ಮ ಕೇಳಿದ ಮೊದಲ ಮಾತು ಇದು: "ಏನು ಹೇಳಿದೆ? ಮನೆ ವಿಷಯ ಏನಾದರೂ ಹೇಳಿದೆಯಾ?"

ಅಕ್ಕ ಉತ್ತರ ಕೊಡಲಿಲ್ಲ. ವಾರಕ್ಕೊಮ್ಮೆ ಹೀಗೆ ಬಂದು ಮಾತಾಡಿ ಹೋದರೆ ಒಳ್ಳೆಯದು, ಮನೆಯವರೂ ಒಮ್ಮೊಮ್ಮೆ ಬಂದು ಕುಳಿತರೆ ಇನ್ನೂ ಒಳ್ಳೆಯದು ಎಂದು ಆಸ್ಪತ್ರೆಯವರು ಹೇಳಿ ಕಳುಹಿಸಿದರು. ಅಪ್ಪ ಊರಿಗೆ ಬಂದು ಲೆಕ್ಕ ಹಾಕಿದರು: ಬಸ್ಸಿನ ಖರ್ಚು, ಉಳಿದುಕೊಳ್ಳುವ ಖರ್ಚು, ತೋಟದ ಕೆಲಸ ಕೆಡುವ ನಷ್ಟ. "ಮಾತ್ರೆ ಕೊಟ್ಟಿದ್ದಾರೆ, ಸಾಕು. ಮಾತಾಡುವುದಕ್ಕೆ ಬೆಂಗಳೂರಿಗೆ ಯಾಕೆ ಹೋಗಬೇಕು? ಇಲ್ಲಿ ನಾವಿಲ್ಲವೇ?" ಎಂದರು. ಅಕ್ಕನ ಮಾತಿನ ಚಿಕಿತ್ಸೆ ಹೀಗೆ ಒಂದೇ ಮಧ್ಯಾಹ್ನದಲ್ಲಿ ಆರಂಭವಾಗಿ ಮುಗಿದು ಹೋಯಿತು.

ಈಗ ಇತಿಹಾಸಕ್ಕೆ ಬರೋಣ.

ಮಾತಿನಿಂದ ರೋಗ ಗುಣವಾಗಬಹುದೆಂಬ ವಿಚಾರ ಆಧುನಿಕ ವೈದ್ಯಕೀಯದಲ್ಲಿ ಹುಟ್ಟಿದ್ದು 1880ರ ದಶಕದ ವಿಯೆನ್ನಾ ನಗರದಲ್ಲಿ. ಯೋಸೆಫ್ ಬ್ರಾಯರ್ ಎಂಬ ವೈದ್ಯರು ಒಬ್ಬ ತರುಣಿಗೆ ಚಿಕಿತ್ಸೆ ನೀಡುತ್ತಿದ್ದರು. ಪುಸ್ತಕಗಳಲ್ಲಿ ಆಕೆಯ ಹೆಸರು ಆನ್ನಾ ಓ. ಎಂದಿದೆ. ನಿಜವಾದ ಹೆಸರು ಬೆರ್ತಾ ಪಾಪೆನ್‌ಹೈಮ್. ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡ ದಿನ ತನ್ನ ನೋವು ಕಡಿಮೆಯಾಗುವುದನ್ನು ಕಂಡು ಅದಕ್ಕೆ "ಮಾತಿನ ಚಿಕಿತ್ಸೆ" ಎಂದು ಹೆಸರಿಟ್ಟವಳು ಆಕೆಯೇ. ಹೆಸರು ಕೊಟ್ಟದ್ದು ವೈದ್ಯರಲ್ಲ, ರೋಗಿ. ಬ್ರಾಯರ್ ಮತ್ತು ಅವರ ಕಿರಿಯ ಮಿತ್ರ ಸಿಗ್ಮಂಡ್ ಫ್ರಾಯ್ಡ್ ಇದನ್ನು 1895ರಲ್ಲಿ ಪುಸ್ತಕವಾಗಿ ತಂದರು.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಫ್ರಾಯ್ಡ್ 1913ರಲ್ಲಿ ಬರೆದ ಒಂದು ಲೇಖನ. ಚಿಕಿತ್ಸೆಯನ್ನು ಆರಂಭಿಸುವ ಬಗೆ ಹೇಗೆ, ಹಣದ ಮಾತನ್ನು ಹೇಗೆ ಆಡಬೇಕು ಎಂಬುದೇ ಅದರ ವಿಷಯ. ಹಣದ ವಿಚಾರವನ್ನು ವೈದ್ಯನು ಸಂಕೋಚವಿಲ್ಲದೆ ಮೊದಲೇ ಹೇಳಿಬಿಡಬೇಕು, ದಿನದ ಒಂದು ಗಂಟೆಯನ್ನು ರೋಗಿಗೆಂದು ಮೀಸಲಿಟ್ಟ ಮೇಲೆ ಆತ ಬಾರದಿದ್ದರೂ ಅದರ ಹಣ ಕೊಡಬೇಕು ಎಂದು ಅವರ ನಿಯಮ. ಸುಮಾರು ಹತ್ತು ವರ್ಷ ದಿನಕ್ಕೆ ಒಂದೆರಡು ಗಂಟೆಗಳನ್ನು ಉಚಿತ ಚಿಕಿತ್ಸೆಗೆಂದು ಇಟ್ಟು ನೋಡಿದ್ದಾಗಿಯೂ, ಉಚಿತವಾದಾಗ ರೋಗಿಯ ಮನಸ್ಸಿನಲ್ಲಿ ಋಣದ ತೊಡಕುಗಳು ಹೆಚ್ಚಾದುದಾಗಿಯೂ ಅವರು ಹೇಳುತ್ತಾರೆ. ಹಾಗೆಂದು ಅವರದು ಕಲ್ಲುಹೃದಯವಲ್ಲ. ಮೊದಲ ಮಹಾಯುದ್ಧದ ನಂತರ ಆಸ್ತಿ ಕಳೆದುಕೊಂಡಿದ್ದ ತಮ್ಮ ಹಳೆಯ ರೋಗಿಯೊಬ್ಬರಿಗೆ ಅವರೇ ಚಂದಾ ಎತ್ತಿ ಕೊಡುತ್ತಿದ್ದರು. 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಮಾಡಿದ ಭಾಷಣದಲ್ಲಿ, ಬಡವರಿಗೂ ಈ ಚಿಕಿತ್ಸೆ ಉಚಿತವಾಗಿ ಸಿಗುವ ಕಾಲ ಬರಬೇಕೆಂದರು. 1920ರಲ್ಲಿ ಬರ್ಲಿನ್‌ನಲ್ಲಿಯೂ 1922ರಲ್ಲಿ ವಿಯೆನ್ನಾದಲ್ಲಿಯೂ ಅಂತಹ ಚಿಕಿತ್ಸಾಲಯಗಳು ತೆರೆದವು. ಹಣ ಕೊಡಬೇಕೇ ಬೇಡವೇ ಎಂಬ ಚರ್ಚೆ ಈ ವಿದ್ಯೆಯಷ್ಟೇ ಹಳೆಯದು.

ನಮ್ಮ ದೇಶಕ್ಕೆ ಇದು ಬಹಳ ಬೇಗ ಬಂತು. ಕಲ್ಕತ್ತದ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಕಟ್ಟಿದರು. ಫ್ರಾಯ್ಡ್ ಜೊತೆ ಪತ್ರ ವ್ಯವಹಾರ ನಡೆಸಿ, ಭಾರತೀಯರ ಮನಸ್ಸಿನ ರೀತಿ ಬೇರೆ ಇದೆ ಎಂದು ವಾದಿಸುವಷ್ಟು ಧೈರ್ಯ ಅವರಿಗಿತ್ತು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿ "ಆಕಾಶವಾಣಿ"ಗೆ ದಾರಿ ಹಾಕಿದವರೆಂದೇ ಜನ ಅವರನ್ನು ನೆನೆಯುತ್ತಾರೆ. ದೂರದಲ್ಲಿದ್ದವರಿಗೆ ಮಾತು ಕೇಳಿಸಿದ ಆ ಮಹನೀಯರು ಮನಶ್ಶಾಸ್ತ್ರದ ಮೇಷ್ಟ್ರು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಬೆಂಗಳೂರಿನ ಆಸ್ಪತ್ರೆಯ ಮೂಲ 1847ರ ಕಾಲದ ಹುಚ್ಚಾಸ್ಪತ್ರೆ. 1925ರಲ್ಲಿ ಆ ಹಳೆಯ ಹೆಸರು ಹೋಗಿ ಮಾನಸಿಕ ಆಸ್ಪತ್ರೆ ಎಂದಾಯಿತು. ಆದರೆ ನಮ್ಮ ಊರುಗಳ ಬಾಯಲ್ಲಿ ಹಳೆಯ ಹೆಸರು ಇನ್ನೂ ಐವತ್ತು ವರ್ಷ ಉಳಿಯಿತು. 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಮರುವರ್ಷವೇ ಅಲ್ಲಿ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೂ ತರಬೇತುಗೊಳಿಸುವ ಕೆಲಸ ಆರಂಭವಾಯಿತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ಇಂದಿನ ನಿಮ್ಹಾನ್ಸ್ ಆಯಿತು. ನಮ್ಮ ಕೊಡಗು ಮೈಸೂರು ರಾಜ್ಯದೊಡನೆ ಸೇರಿದ್ದು 1956ರಲ್ಲಿ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಮತ್ತೆ ಹೇಳಬೇಕಾಗಿಲ್ಲ.

ಈ ಸಂಸ್ಥೆಯ ವೈದ್ಯರು ಪಶ್ಚಿಮದ ಪಾಠವನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಅಲ್ಲಿದ್ದ ಡಾ. ಎನ್.ಸಿ. ಸೂರ್ಯ ಅವರು 1964ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಬರೆದ ಲೇಖನವೊಂದರಲ್ಲಿ, ನಮ್ಮ ರೋಗಿ ಚಿಕಿತ್ಸಕನಿಂದ ಒಳಮನಸ್ಸಿನ ವಿವರಣೆಗಿಂತ ಹೆಚ್ಚಾಗಿ ನೇರವಾದ ಆಸರೆಯನ್ನು ನಿರೀಕ್ಷಿಸುತ್ತಾನೆ ಎಂದು ಚರ್ಚಿಸಿದರು. ಡಾ. ಜಸ್ವಂತ್ ಸಿಂಗ್ ನೇಕಿ ಎಂಬ ಮನೋವೈದ್ಯರು 1973ರಲ್ಲಿ, ನಮ್ಮಲ್ಲಿ ಈ ಸಂಬಂಧ ಗುರು-ಶಿಷ್ಯರ ಸಂಬಂಧದಂತೆ ಇರಬಹುದಲ್ಲವೇ ಎಂದು ಕೇಳಿದರು. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಐವತ್ತರ ದಶಕದಲ್ಲಿಯೇ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನೂ ಅಲ್ಲಿಯೇ ಇರಿಸಿಕೊಂಡು ಎಲ್ಲರೊಡನೆ ಮಾತಾಡುತ್ತಿದ್ದರು. ನಮ್ಮ ಅಪ್ಪ ಅಮ್ಮನನ್ನು ಬಂದು ಕುಳಿತುಕೊಳ್ಳಿ ಎಂದು ಕರೆದದ್ದರ ಹಿಂದೆ ಇಂತಹ ಚಿಂತನೆ ಇತ್ತೆಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಆಗ ಅದು ನಮಗೆ ಅವಮಾನದಂತೆ ಕಂಡಿತ್ತು.

ಕನ್ನಡ ಓದುಗರಿಗೆ ಈ ಲೋಕದ ಬಾಗಿಲು ತೆರೆದವರಲ್ಲಿ ಇಬ್ಬರನ್ನು ಹೇಳಲೇಬೇಕು. ಒಬ್ಬರು "ಕೊರವಂಜಿ"ಯ ಸಂಪಾದಕರಾಗಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ. ವೈದ್ಯರಾಗಿದ್ದ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ "ಮನಮಂಥನ"ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇನ್ನೊಬ್ಬರು ತ್ರಿವೇಣಿ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡ ಈ ಲೇಖಕಿ "ಶರಪಂಜರ" ಕಾದಂಬರಿಯಲ್ಲಿ ಹೆರಿಗೆಯ ನಂತರ ಮನಸ್ಸು ಕೆಟ್ಟು, ಚಿಕಿತ್ಸೆಯಿಂದ ಗುಣವಾಗಿ ಬಂದ ಕಾವೇರಿ ಎಂಬ ಹೆಣ್ಣನ್ನು ಲೋಕ ಹೇಗೆ ಮತ್ತೆ ಹುಚ್ಚಿಗೆ ತಳ್ಳಿತೆಂಬುದನ್ನು ಬರೆದರು. ಎಪ್ಪತ್ತರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರ ಮಾಡಿದರು. ಕಲ್ಪನಾ ಅವರ ಅಭಿನಯವನ್ನೂ, ಕೊಡಗಿನ ಕಾವೇರಿಯ ಹಾಡನ್ನೂ ಮರೆತವರು ನಮ್ಮ ತಲೆಮಾರಿನಲ್ಲಿ ಇಲ್ಲ.

ಆ ಚಿತ್ರ ನಮ್ಮ ಕಡೆಗೆ ಬಂದಾಗ ಊರಿನ ಹೆಂಗಸರೆಲ್ಲ ಜೀಪು ಮಾಡಿಕೊಂಡು ಹೊರಟರು. ಅಕ್ಕ ತಾನೂ ಬರುತ್ತೇನೆಂದಳು. ಅಮ್ಮ ಬೇಡವೆಂದರು. "ನೀನು ಅದನ್ನೆಲ್ಲ ನೋಡಬಾರದು" ಎಂದರು. ಕಾದಂಬರಿಯನ್ನು ಎರಡು ಸಲ ಓದಿದ್ದ ನಾನು ಜಗಲಿಯ ಮೇಲೆ ಕುಳಿತು ಸುಮ್ಮನಿದ್ದೆ. ಆ ವೇಳೆಗೆ ಅಕ್ಕ ಪೂರ್ತಿ ಗುಣವಾಗಿ ಎರಡು ವರ್ಷಗಳಾಗಿದ್ದವು. ಮನೆಯ ಲೆಕ್ಕಪತ್ರವನ್ನೆಲ್ಲ ಅವಳೇ ಬರೆಯುತ್ತಿದ್ದಳು. ಆದರೂ ನೆಂಟರ ಮನೆಯ ನಾಮಕರಣಗಳಲ್ಲಿ ಯಾರೂ ಅವಳ ಕೈಗೆ ಮಗುವನ್ನು ಕೊಡುತ್ತಿರಲಿಲ್ಲ. ತೊಟ್ಟಿಲ ಸುತ್ತ ನಿಂತ ಹೆಂಗಸರು ಮಗುವನ್ನು ಕೈಯಿಂದ ಕೈಗೆ ದಾಟಿಸುವಾಗ ಅವಳೊಬ್ಬಳನ್ನು ಬಿಟ್ಟು ಮುಂದಿನವರಿಗೆ ದಾಟಿಸುತ್ತಿದ್ದರು. ಅದನ್ನು ಕಂಡೂ ನಾನು ಸುಮ್ಮನಿದ್ದೆ.

ಮನೆಯಲ್ಲಿ ಮಾತಾಡುವವರಿಗೇನು ಕೊರತೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ನಮ್ಮ ನಾಡಿನಲ್ಲಿ ದುಃಖ ಹೇಳಿಕೊಳ್ಳುವ ದಾರಿಗಳು ಹಿಂದೆಯೂ ಇದ್ದವು. ಕೊಡವರ ಒಕ್ಕಗಳಲ್ಲಿ ಹಿರಿಯರಿಗೆ ಕಾರಣ ಕೊಡುವಾಗ, ತೆರೆ ಕಟ್ಟಿದವನ ಮೇಲೆ ಕಾರಣರು ಬಂದು ಮನೆಯವರೊಡನೆ ಮಾತಾಡುವ ಪದ್ಧತಿಯಿದೆ. ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಕುರಿತ ಗ್ರಂಥದಲ್ಲಿ ಹಿರಿಯರ ಆರಾಧನೆಗೆ ದೊಡ್ಡ ಸ್ಥಾನವೇ ಇದೆ. ಆ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಮನೆಮಂದಿಯೆಲ್ಲ ಒಟ್ಟಾಗಿ ಒಬ್ಬ ಹಿರಿಯನ ಮುಂದೆ ನಿಲ್ಲುವುದು ಸಣ್ಣ ಸಂಗತಿಯಲ್ಲ. ಅದೂ ಖರ್ಚಿಲ್ಲದೆ ನಡೆಯುವುದಿಲ್ಲ. ಆದರೆ ಅಲ್ಲಿ ಆಡಿದ ಮಾತು ಎಲ್ಲರ ಎದುರಿನ ಮಾತು. ಅತ್ತೆಯ ಮುಂದೆ ಹೇಳಲಾಗದ್ದನ್ನು ಸೊಸೆ ಅಲ್ಲಿ ಹೇಳಲಾರಳು.

ಕನ್ನಡದಲ್ಲಿ "ಹಂಗು" ಎಂಬ ಮಾತಿದೆ. ಅದರ ಭಾರ ಬೇರೆ ಭಾಷೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಬಂಧುವಿನ ಮುಂದೆ ದುಃಖ ಹೇಳಿಕೊಂಡರೆ ಹಣ ಕೊಡಬೇಕಾಗಿಲ್ಲ, ಆದರೆ ಹಂಗು ಬೀಳುತ್ತದೆ. ಅದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ, ಮುಂದೆ ಯಾವುದೋ ಮದುವೆ ಮಾತುಕತೆಯಲ್ಲಿ, ಆಸ್ತಿ ಪಾಲಿನ ಹೊತ್ತಿನಲ್ಲಿ ಅದು ಹೊರಗೆ ಬರುತ್ತದೆ. ಕೊಡಗು ಚಿಕ್ಕ ಜಿಲ್ಲೆ. ಬಸ್ಸಿನಲ್ಲಿ ಪಕ್ಕ ಕುಳಿತವರು ಮೊದಲು ಕೇಳುವುದೇ "ನೀವು ಯಾವ ಮನೆಯವರು?" ಎಂದು. ಇಲ್ಲಿ ಯಾರ ಮಾತೂ ಕಳೆದುಹೋಗುವುದಿಲ್ಲ. ಚಿಕಿತ್ಸಕರಿಗೆ ಕೊಡುವ ಹಣ ಈ ಹಂಗನ್ನು ತೀರಿಸುತ್ತದೆ. ಗಂಟೆ ಮುಗಿದಾಗ ನೀವು ಅವರಿಗೆ ಸಾಲಗಾರರಲ್ಲ. ಅವರ ಕ್ಷೇಮವನ್ನು ನೀವು ವಿಚಾರಿಸಬೇಕಾಗಿಲ್ಲ, ಅವರ ಮಗಳ ಮದುವೆಗೆ ಹೋಗಬೇಕಾಗಿಲ್ಲ, ಅವರು ಬೇಸರಪಟ್ಟಾರೆಂದು ಮಾತನ್ನು ನುಂಗಬೇಕಾಗಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲಗಳ ಕಡೆ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳಿಗೆ ಬಂದಾಗ, ನಾವು ನಿವೃತ್ತ ಮೇಷ್ಟ್ರುಗಳು ಕೆಲವರು ಕೈಲಾದ ಸಹಾಯಕ್ಕೆ ಹೋಗಿದ್ದೆವು. ಆಪ್ತಸಮಾಲೋಚನೆ ಮಾಡುವವರೂ ಬಂದಿದ್ದರು. ತೋಟ, ಮನೆ ಎಲ್ಲ ಕಳೆದುಕೊಂಡ ಮುದುಕರೊಬ್ಬರ ಪಕ್ಕ ತರುಣಿಯೊಬ್ಬಳು ಚಾಪೆಯ ಮೇಲೆ ಕುಳಿತಿದ್ದಳು. ನಾವು ಹೋದವರೆಲ್ಲ ಅವರಿಗೆ "ಧೈರ್ಯವಾಗಿರಿ, ಸರ್ಕಾರ ಮನೆ ಕಟ್ಟಿಕೊಡುತ್ತದೆ" ಎಂದು ಹೇಳಿ ಬಂದಿದ್ದೆವು. ಆಕೆ ಹಾಗೆ ಹೇಳಲಿಲ್ಲ. ಅವರು ತಮ್ಮ ಹಸುವಿನ ಹೆಸರನ್ನು ಹೇಳುತ್ತಿದ್ದರು, ಆಕೆ ಕೇಳುತ್ತಿದ್ದಳು. ನನಗೆ ಕಲ್ಲುಬೆಂಚು ನೆನಪಾಯಿತು.

ಮರುವರ್ಷ ನನ್ನ ಹೆಂಡತಿ ತೀರಿಕೊಂಡಳು. ನಿದ್ದೆ ಹೋಯಿತು, ಊಟ ಸೇರಲಿಲ್ಲ. ಕೆಲವು ತಿಂಗಳ ಮೇಲೆ ಮಗಳ ಬಲವಂತಕ್ಕೆ ಒಬ್ಬರ ಬಳಿಗೆ ಹೋದೆ. ಅವರು ಮುಕ್ಕಾಲು ಗಂಟೆಯಲ್ಲಿ ನಲವತ್ತು ನಿಮಿಷ ತಾವೇ ಮಾತಾಡಿ, ಬೆಳಗ್ಗೆ ನಡೆಯಿರಿ, ಜನರೊಡನೆ ಬೆರೆಯಿರಿ ಎಂದರು. ಇದನ್ನೇ ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಂಡಿದ್ದೇನಲ್ಲ ಎಂದುಕೊಂಡು ಎರಡು ಭೇಟಿಗೆ ನಿಲ್ಲಿಸಿದೆ. ಮಗಳು, "ಅಪ್ಪಾ, ಒಬ್ಬ ದರ್ಜಿ ಹೊಲಿದ ಅಂಗಿ ಸರಿಯಾಗದಿದ್ದರೆ ಅಂಗಿ ತೊಡುವುದನ್ನೇ ಬಿಡುತ್ತೀರಾ?" ಎಂದಳು. ಹಾಗೆ ಮೈಸೂರಿನ ಇನ್ನೊಬ್ಬ ಮನಶ್ಶಾಸ್ತ್ರಜ್ಞೆಯ ಬಳಿಗೆ ಹೋದೆ. ನನ್ನ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಚಿಕ್ಕವರು. ಒಂದು ಭೇಟಿಗೆ 800 ರೂಪಾಯಿ. ಮೊದಲ ದಿನವೇ ನಿಯಮಗಳನ್ನು ಬರೆದ ಒಂದು ಹಾಳೆಯನ್ನು ಕೊಟ್ಟು, ಓದಿ ಒಪ್ಪಿಗೆಯಾದರೆ ಸಹಿ ಹಾಕಿ ಎಂದರು. ಹಿಂದಿನ ದಿನವೇ ತಿಳಿಸದೆ ತಪ್ಪಿಸಿದರೆ ಹಣ ಕೊಡಬೇಕೆಂಬ ಸಾಲು ನೋಡಿ ನನಗೆ ಸಿಟ್ಟು ಬಂತು. ಒಂದು ಸಲ ಮರೆತು ತಪ್ಪಿಸಿದೆ, ಹಣವನ್ನೂ ಕೊಟ್ಟೆ. ಫ್ರಾಯ್ಡ್ ಅವರ 1913ರ ಲೇಖನ ನನಗೆ ಸರಿಯಾಗಿ ಅರ್ಥವಾದದ್ದು ಆ ದಿನ.

ಕೆಲವು ಭೇಟಿಗಳಾದ ಮೇಲೆ ಕೊರೋನಾ ಬಂದು ಬಸ್ಸು ನಿಂತಿತು. ಉಳಿದದ್ದು ಮೊಬೈಲ್‌ನ ವಿಡಿಯೋದಲ್ಲಿ ನಡೆಯಿತು. ಒಟ್ಟು 14 ಭೇಟಿ, ತಪ್ಪಿಸಿದ ಒಂದೂ ಸೇರಿ 12,000 ರೂಪಾಯಿ. ಅದೇ ವರ್ಷ ಮನೆಯ ಹೆಂಚು ಬದಲಿಸಲು ಅದರ ಆರರಷ್ಟು ಖರ್ಚು ಮಾಡಿದ್ದೆ. ಐದನೆಯ ಭೇಟಿಯಲ್ಲಿ ಹೆಂಡತಿಯ ವಿಷಯ ಹೇಳಲು ಹೋದವನು ಜಗಲಿಯ ಮೇಲೆ ಸುಮ್ಮನೆ ಕುಳಿತ ಆ ಸಂಜೆಯ ವಿಷಯ ಹೇಳಿದೆ. ಎಪ್ಪತ್ತು ದಾಟಿದ ಮೇಲೆ ಒಬ್ಬರ ಎದುರು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ನಾನು ಮುಗಿಸುವವರೆಗೆ ಕಾದು, "ಆ ಹೊತ್ತಿಗೆ ಅಕ್ಕನಿಗೆ ಏನು ಹೇಳಬೇಕೆಂದಿದ್ದಿರಿ?" ಎಂದು ಕೇಳಿದರು.

ಈಗ ಪತ್ರ ಬರೆದ ವಿದ್ಯಾರ್ಥಿಗೂ, ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಇತರರಿಗೂ ನಾಲ್ಕು ಉಪಯೋಗದ ಮಾತು.

ಮನೋವೈದ್ಯರು ಎಂದರೆ ವೈದ್ಯಕೀಯ ಓದಿದವರು, ಔಷಧಿ ಬರೆಯುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧಿ ಕೊಡುವುದಿಲ್ಲ, ಮಾತಿನ ಚಿಕಿತ್ಸೆ ಅವರ ಕೆಲಸ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಅದನ್ನು ಕೇಳುವುದು ಅಗೌರವವಲ್ಲ. ಆಪ್ತಸಮಾಲೋಚಕರೆಂದು ಫಲಕ ಹಾಕಿಕೊಂಡವರಲ್ಲಿ ಚೆನ್ನಾಗಿ ಕಲಿತವರೂ ಇದ್ದಾರೆ, ವಾರದ ತರಬೇತಿ ಪಡೆದವರೂ ಇದ್ದಾರೆ. ಎಲ್ಲಿ ಕಲಿತಿರಿ ಎಂದು ವಿಚಾರಿಸಿಯೇ ಮುಂದುವರಿಯಿರಿ.

ಮೊದಲ ಭೇಟಿಯಲ್ಲಿ ಪವಾಡ ನಿರೀಕ್ಷಿಸಬೇಡಿ. ನಿದ್ದೆ, ಊಟ, ಹಿಂದಿನ ಕಾಯಿಲೆ, ಮನೆಯಲ್ಲಿ ಯಾರಿದ್ದಾರೆ, ಯಾವಾಗಿನಿಂದ ಹೀಗೆ, ಸಾಯಬೇಕೆಂದು ಎಂದಾದರೂ ಅನಿಸಿದೆಯೇ ಎಂಬ ಪ್ರಶ್ನೆಗಳಲ್ಲಿಯೇ ಅದು ಮುಗಿಯುತ್ತದೆ. ಕೊನೆಯ ಪ್ರಶ್ನೆಗೆ ಹೆದರಬೇಡಿ, ಎಲ್ಲರನ್ನೂ ಕೇಳುತ್ತಾರೆ, ನಿಜವನ್ನೇ ಹೇಳಿ. ಕೆಲವು ದಿನ ಭೇಟಿ ಮುಗಿಸಿ ಬರುವಾಗ ಮನಸ್ಸು ಹೋದಾಗಿಗಿಂತ ಭಾರವಾಗಿರುತ್ತದೆ. ನಾನು ಹುಣಸೂರಿನವರೆಗೂ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕುಳಿತದ್ದುಂಟು. ಬರೆದುಕೊಂಡು ಬರಲು ಮನೆಪಾಠ ಕೊಡುವ ಪದ್ಧತಿಯೂ ಇದೆ. ಮೇಷ್ಟ್ರಾದ ನನಗೆ ಮನೆಪಾಠ ಮಾಡದೆ ಹೋಗಿ ತಲೆ ತಗ್ಗಿಸುವ ಅನುಭವವೂ ಆಯಿತು.

ಹಣದ ಮಾತನ್ನು ಮೊದಲ ದಿನವೇ ಆಡಿ. ಒಂದು ಭೇಟಿಗೆ ಎಷ್ಟು, ಎಷ್ಟು ನಿಮಿಷ, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ, ಸುಮಾರು ಎಷ್ಟು ಭೇಟಿ ಬೇಕಾದೀತು, ತಪ್ಪಿಸಿದರೆ ಏನು, ಇವೆಲ್ಲವನ್ನೂ ಕೇಳಿ. ನಿಮ್ಮ ಕೈಗೆ ಎಟುಕದಿದ್ದರೆ ಕಡಿಮೆ ಮಾಡುವಿರಾ ಎಂದು ಕೇಳಿ, ಹಲವರು ಮಾಡುತ್ತಾರೆ. ಆರೋಗ್ಯ ವಿಮೆಯನ್ನು ನಂಬಿ ಹೊರಡಬೇಡಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಗೆ ಸಮನಾಗಿ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಆದರೆ ಆಸ್ಪತ್ರೆಗೆ ಸೇರದೆ ಹೋಗಿ ಬರುವ ಭೇಟಿಗಳಿಗೆ ಸಾಮಾನ್ಯವಾಗಿ ವಿಮೆಯ ಹಣ ಬರುವುದಿಲ್ಲ. ಪಾಲಿಸಿಯನ್ನು ಓದಿ ನೋಡಿ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಿಸಿಕೊಳ್ಳುವ ಹಕ್ಕನ್ನೂ ಅದೇ ಕಾಯಿದೆ ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ, ಕೋರ್ಟು ಕೇಳಿದಾಗ ಮುಂತಾದ ಕೆಲವು ಸಂದರ್ಭಗಳು ಮಾತ್ರ ಅದಕ್ಕೆ ಹೊರತು.

ಸಾವಿರದ ಇನ್ನೂರು ರೂಪಾಯಿ ನಿವೃತ್ತಿ ವೇತನ ಬರುವ ನನಗೆ ಒಂದು, ತೋಟದಲ್ಲಿ ದುಡಿಯುವವರಿಗೆ ಇನ್ನೊಂದು. ಅವರಿಗೆ ಅದು ಎರಡು ಮೂರು ದಿನದ ಕೂಲಿ. ಹಣ ಹಂಗನ್ನು ಕಳೆಯುತ್ತದೆಂಬ ನನ್ನ ಮಾತು ಹಣವಿದ್ದವರಿಗೆ ಮಾತ್ರ ಹೊಂದುತ್ತದೆ. 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ನಡೆಸಿತ್ತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುತ್ತಿಲ್ಲ ಎಂದು ಅದರಿಂದ ತಿಳಿದುಬಂತು. ಆದ್ದರಿಂದ ಸರ್ಕಾರಿ ದಾರಿಗಳೂ ಗೊತ್ತಿರಬೇಕು. ಬಳ್ಳಾರಿಯಲ್ಲಿ ಎಂಬತ್ತರ ದಶಕದಲ್ಲಿ ನಡೆದ ಪ್ರಯೋಗದಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಂದು ನಮ್ಮ ರಾಜ್ಯದ ಜಿಲ್ಲೆಗಳಲ್ಲಿದೆ. ಮಡಿಕೇರಿಯ ಜಿಲ್ಲಾಸ್ಪತ್ರೆಯೇ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿಂದ ಆರಂಭಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ, ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲಿ ಮಾತಾಡಬಹುದು, ಹಣವಿಲ್ಲ. ಡಾ. ಸಿ.ಆರ್. ಚಂದ್ರಶೇಖರ್ ಅವರಂತಹ ಹಿರಿಯರು ನೂರಾರು ಲೇಖನ, ಪುಸ್ತಕಗಳಿಂದ ಇದನ್ನು ಕನ್ನಡದಲ್ಲಿ ತಿಳಿಸಿದ್ದಲ್ಲದೆ ಉಚಿತ ಸಮಾಲೋಚನೆಗೂ ದಾರಿ ಮಾಡಿದ್ದಾರೆ.

ಅಕ್ಕ 2003ರಲ್ಲಿ ತೀರಿಕೊಂಡಳು. ಅದಕ್ಕೆ ನಾಲ್ಕೈದು ವರ್ಷ ಮೊದಲು ಒಂದು ದಿನ ಇಬ್ಬರೇ ಕೂತು ಒಣಗಿದ ಕಾಫಿ ಬೀಜ ಆರಿಸುತ್ತಿದ್ದಾಗ, ಕೇಳದೆಯೇ ಅವಳು ಆ ಮಧ್ಯಾಹ್ನದ ಮಾತು ತೆಗೆದಳು. "ಆ ಹುಡುಗಿ ನನಗೆ ಹೀಗೆ ಮಾಡು, ಹಾಗೆ ಮಾಡು ಅನ್ನಲಿಲ್ಲ ಕಣೋ. ಕೇಳಿಸಿಕೊಂಡಳು ಅಷ್ಟೆ. ಇನ್ನೊಂದು ಸಲ ಹೋಗಬೇಕು ಅಂತ ಬಹಳ ಇತ್ತು" ಎಂದಳು. ಅವಳು ಅಂದು ಏನು ಹೇಳಿಕೊಂಡಳೆಂದು ನಾನು ಆಗಲೂ ಕೇಳಲಿಲ್ಲ. ನಾನು ಸುಮ್ಮನಿದ್ದುದರಲ್ಲಿ ಸರಿಯಾದದ್ದು ಅದೊಂದೇ ಇರಬೇಕು.

ಪತ್ರ ಬರೆದ ವಿದ್ಯಾರ್ಥಿಗೆ ನಾನು ಹೇಳುವುದು: ಕೊಡಬೇಕು, ಕೈಲಾದಷ್ಟು ಕೊಟ್ಟು ಹೋಗಿ ಬನ್ನಿ. ಕೈಲಾಗದಿದ್ದರೆ ಕೊಡದೆ ಸಿಗುವಲ್ಲಿಗೆ ಹೋಗಿ. ಒಬ್ಬರು ಸರಿಬರದಿದ್ದರೆ ಇನ್ನೊಬ್ಬರನ್ನು ನೋಡಿ.

ಮನೆಯಲ್ಲಿರುವ ಉಳಿದವರಿಗೆ ನನ್ನದು ಒಂದೇ ವಿನಂತಿ. ಮಗಳೋ ಸೊಸೆಯೋ ಅಣ್ಣನೋ ಅಲ್ಲಿಗೆ ಹೋಗಿ ಬಂದ ದಿನ "ಏನು ಹೇಳಿದೆ?" ಎಂದು ಕೇಳಬೇಡಿ. ಒಳಗೆ ಕರೆದು ಒಂದು ಲೋಟ ಬಿಸಿ ಕಾಫಿ ಕೊಡಿ. ಮುಂದಿನ ವಾರದ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು